250 ಡಿಸ್ಕ್, ಇಬ್ಬರು ಮಕ್ಕಳು, ಮೂಡಿಗೆರೆ ಮಳೆ: ಮೊದಲು ಯಾವುದನ್ನು ಉಳಿಸಬೇಕು?

ಪ್ರಶ್ನೆ: "ಸರ್, ನಮ್ಮದು ಮೂಡಿಗೆರೆ ಹತ್ತಿರ ತೋಟದ ಮನೆ. ನಮ್ಮ ಮಾವನವರಿಗೆ ಸಿನಿಮಾ ಅಂದರೆ ಪ್ರಾಣ. ಅವರು ಕೂಡಿಟ್ಟ ವಿಸಿಡಿ, ಡಿವಿಡಿ ಸೇರಿ ಸುಮಾರು 250 ಡಿಸ್ಕ್ ಇವೆ. ಹೆಚ್ಚಿನವು ಹಳೇ ಕನ್ನಡ ಸಿನಿಮಾ. ನಮ್ಮ ಮದುವೆ, ಮಗನ ನಾಮಕರಣ, ಮಾವನವರ ಷಷ್ಟ್ಯಬ್ದಿ ಡಿಸ್ಕ್‌ಗಳೂ ಅದರಲ್ಲೇ ಸೇರಿಕೊಂಡಿವೆ. ಮಾವ ತೀರಿಕೊಂಡು ಎರಡು ವರ್ಷ ಆಯ್ತು. ಅತ್ತೆ ಈಗಲೂ ಸಂಜೆ ಒಂದು ಸಿನಿಮಾ ಹಾಕಿಸಿಕೊಂಡು ನೋಡ್ತಾರೆ. ಮಗನಿಗೆ 9 ವರ್ಷ, ಮಗಳಿಗೆ 4. ಇಬ್ಬರೂ ಎಳೆದಾಡಿ ಡಿಸ್ಕ್‌ಗಳಿಗೆ ಗೀರು ಮಾಡಿದ್ದಾರೆ. ಅದಕ್ಕೇ ಎಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಮಳೆ ಮುಗಿದ ಮೇಲೆ ತೆಗೆದು ನೋಡಿದರೆ ಅರ್ಧಕ್ಕೆ ಬೂಷ್ಟು! ನಾದಿನಿ ಗೀರಿಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ಅಂತಾಳೆ. ಪಕ್ಕದ ಮನೆಯವರು ನುಸಿಗುಳಿಗೆ ಹಾಕಿಡಿ ಅಂತಾರೆ. ಅತ್ತೆ ಒಲೆ ಮೇಲಿನ ಅಟ್ಟದಲ್ಲಿಡು, ಬೆಚ್ಚಗಿರುತ್ತೆ ಅಂತಾರೆ. ನಮ್ಮ ಯಜಮಾನರು, ಎಲ್ಲ ಮೊಬೈಲಲ್ಲೇ ಸಿಗುತ್ತೆ, ಎಸೆದುಬಿಡು ಅಂತಾರೆ. ಕೆಲವು ಸಿನಿಮಾ ಮಕ್ಕಳು ನೋಡುವಂಥದ್ದಲ್ಲ, ಅದೂ ಒಂದು ಚಿಂತೆ. ಇದರ ಮೇಲೆ ಪ್ಲೇಯರೂ ಕೆಲವು ಡಿಸ್ಕ್ ತಗೊಳ್ತಿಲ್ಲ. ಏನು ಮಾಡಲಿ?"

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಂಡದ್ದು ಆ ಬೀಗ. ಮಕ್ಕಳ ಕೈಯಿಂದ ಉಳಿಸಬೇಕು ಅಂತ ಬೀಗ ಹಾಕಿದಿರಿ. ಬೂಷ್ಟು ಬಂದದ್ದು ಬೀಗ ಹಾಕಿದ ಬೀರುವಿನೊಳಗೇ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ನಾನು ಹಾಸನದಲ್ಲಿ ಪ್ಲೇಯರ್ ರಿಪೇರಿ ಮಾಡುತ್ತೇನೆ, ಹಳೇ ಮದುವೆ ಕ್ಯಾಸೆಟ್, ಡಿಸ್ಕ್‌ಗಳನ್ನು ಕಾಪಿ ಮಾಡಿಕೊಡುತ್ತೇನೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯಿಂದ ಬರುವವರು ಹೆಚ್ಚುಕಮ್ಮಿ ಇದೇ ಕಥೆ ಹೇಳುತ್ತಾರೆ. ಎಲ್ಲರಿಗೂ ಮಕ್ಕಳ ಮೇಲೇ ಅನುಮಾನ. ಆದರೆ ಇನ್ನು ಏನೂ ಮಾಡಲಾಗದ ಸ್ಥಿತಿಯಲ್ಲಿ ನನ್ನ ಟೇಬಲ್‌ಗೆ ಬರುವ ಡಿಸ್ಕ್‌ಗಳಲ್ಲಿ ಮಕ್ಕಳು ಕೆಡಿಸಿದ್ದು ಕಮ್ಮಿ. ಯಾರೂ ಮುಟ್ಟದೆ, ಕಪಾಟಿನಲ್ಲಿ ಸುಮ್ನೆ ಕೂತು ಹಾಳಾದದ್ದೇ ಜಾಸ್ತಿ.

ಹಾಗೆ ಕೂತಲ್ಲೇ ಹಾಳಾಗುವುದರಲ್ಲಿ ಮೊದಲ ಸಾಲಿನಲ್ಲಿರುವುದು ನಿಮ್ಮ ಮದುವೆ, ನಾಮಕರಣ, ಷಷ್ಟ್ಯಬ್ದಿ ಡಿಸ್ಕ್‌ಗಳು. ಸಿನಿಮಾ ಡಿಸ್ಕ್‌ಗಳಲ್ಲ. ಹಾಗಾಗಿ ಬೂಷ್ಟು, ಗೀರು, ಮಕ್ಕಳು ಎಲ್ಲವನ್ನೂ ಆಮೇಲೆ ನೋಡೋಣ. ಮೊದಲು ಈ ಮೂರನ್ನು ಪಕ್ಕಕ್ಕೆ ತೆಗೆದಿಡಿ.

ಅಂಗಡಿ ಡಿಸ್ಕ್ ಬೇರೆ, ಸ್ಟುಡಿಯೋ ಡಿಸ್ಕ್ ಬೇರೆ

ನೋಡೋಕೆ ಎರಡೂ ಒಂದೇ ಥರ. ಅದೇ 12 ಸೆಂಟಿಮೀಟರ್ ಅಗಲ, ಅದೇ 1.2 ಮಿಲಿಮೀಟರ್ ದಪ್ಪ. ಆದರೆ ಒಳಗಿನ ಕಥೆ ಬೇರೆ. ಕಂಪನಿಯವರು ಮಾರುವ ಸಿನಿಮಾ ಡಿಸ್ಕನ್ನು ಅಚ್ಚಿನಲ್ಲಿ ಒತ್ತಿ ಮಾಡುತ್ತಾರೆ. ಸಿನಿಮಾ ಅನ್ನೋದು ಪ್ಲಾಸ್ಟಿಕ್ಕಿನಲ್ಲೇ ಕಣ್ಣಿಗೆ ಕಾಣದ ಸಣ್ಣ ಸಣ್ಣ ಗುಳಿಗಳಾಗಿ ಮೂಡಿರುತ್ತದೆ. ಅದರ ಮೇಲೆ ತೆಳುವಾದ ಅಲ್ಯೂಮಿನಿಯಂ ಲೇಪ. ಗುಳಿ ತಾನಾಗೇ ಅಳಿಸಿಹೋಗುವುದಿಲ್ಲ. ಸರಿಯಾಗಿ ಇಟ್ಟರೆ ಇಂಥ ಡಿಸ್ಕ್ ಹತ್ತಾರು ವರ್ಷ ಬರುತ್ತದೆ.

ಮದುವೆ ಸ್ಟುಡಿಯೋದವರು ಕೊಡುವ ಡಿಸ್ಕ್ ಹಾಗಲ್ಲ. ಅದು ಖಾಲಿ ಡಿಸ್ಕ್ ತಂದು ಕಂಪ್ಯೂಟರಿನಲ್ಲಿ 'ರೈಟ್' ಮಾಡಿದ್ದು. ಅದರಲ್ಲಿ ಗುಳಿ ಇಲ್ಲ, ಬಣ್ಣದ ಒಂದು ಪದರ ಇದೆ. ಲೇಸರ್ ಆ ಬಣ್ಣವನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡಿರುತ್ತದೆ. ಆ ಬಣ್ಣ ಬಿಸಿಲಿಗೆ, ಸೆಕೆಗೆ, ತೇವಕ್ಕೆ ನಿಧಾನಕ್ಕೆ ಮಾಸುತ್ತದೆ. ಒಳ್ಳೇ ಬಣ್ಣದ, ಒಳ್ಳೇ ತಯಾರಿಕೆಯ ಡಿಸ್ಕ್ ಬಹಳ ಕಾಲ ಉಳಿಯುತ್ತದೆ. ಅಗ್ಗದವು ಐದಾರು ವರ್ಷಕ್ಕೇ ಕೈಕೊಟ್ಟಿದ್ದನ್ನು ನಾನು ಕಂಡಿದ್ದೇನೆ. 'ನೂರು ವರ್ಷ ಬಾಳಿಕೆ' ಅಂತ ಖಾಲಿ ಡಿಸ್ಕಿನ ಪ್ಯಾಕೆಟ್ ಮೇಲೆ ಬರೆದಿರುತ್ತಿತ್ತು. ಆ ಮಾತು ತಂಪಾದ, ಒಣಗಿದ, ಕತ್ತಲ ಜಾಗದಲ್ಲಿಟ್ಟ ಒಳ್ಳೇ ಡಿಸ್ಕಿಗೆ. ನಮ್ಮ ಮಲೆನಾಡಿನ ಬೀರುವಿಗಲ್ಲ.

ಯಾವುದು ಯಾವುದು ಅಂತ ಗುರುತಿಸೋದು ಸುಲಭ. ಡಿಸ್ಕ್ ತಿರುಗಿಸಿ, ಓದುವ ಬದಿ ನೋಡಿ. ಬೆಳ್ಳಿಯ ಹಾಗೆ ಶುದ್ಧ ಹೊಳಪು ಇದ್ದರೆ ಕಂಪನಿಯದ್ದು. ನೇರಳೆ, ನೀಲಿ ಅಥವಾ ತಿಳಿ ಹಸಿರು ಛಾಯೆ ಇದ್ದರೆ ರೈಟ್ ಮಾಡಿದ್ದು. ಎಷ್ಟೋ ಸಲ ಅದರಲ್ಲಿ ಒಂದು ಉಂಗುರದ ಗೆರೆಯೂ ಕಾಣುತ್ತದೆ. ಗೆರೆಯ ಒಳಗೆ ಬರೆದ ಭಾಗ, ಹೊರಗೆ ಖಾಲಿ ಭಾಗ. ಕೆಲವು ಕಂಪನಿ ಡಿವಿಡಿಗಳು ಸ್ವಲ್ಪ ಚಿನ್ನದ ಬಣ್ಣಕ್ಕೆ ತಿರುಗಿರುತ್ತವೆ. ಅವು ಎರಡು ಪದರದವು, ಅವುಗಳಿಗೆ ಹೆದರಬೇಡಿ. ಮಾವನವರ ಸಂಗ್ರಹದಲ್ಲಿ ಯಾರೋ ಕಾಪಿ ಮಾಡಿಕೊಟ್ಟ ಸಿನಿಮಾಗಳೂ ಇರಬಹುದು. ಅವನ್ನೂ ರೈಟ್ ಮಾಡಿದ ಗುಂಪಿಗೇ ಸೇರಿಸಿ.

ಈ ಗುಂಪಿನಲ್ಲಿ ನಿಮ್ಮ ಮನೆಯದ್ದೇ ಆದ ಡಿಸ್ಕ್‌ಗಳನ್ನು ಈ ವಾರವೇ ಕಾಪಿ ಮಾಡಿಸಿ. ತೊಳೆಯೋದು, ಉಜ್ಜೋದು ಯಾವುದನ್ನೂ ಮಾಡುವ ಮೊದಲು. ಈಗ ಓದುತ್ತಿರುವ ಡಿಸ್ಕ್ ಮುಂದಿನ ಆಷಾಢಕ್ಕೆ ಓದುತ್ತದೆ ಅಂತ ಯಾರೂ ಮಾತು ಕೊಡೋಕಾಗಲ್ಲ. ಕಂಪ್ಯೂಟರಿನಲ್ಲಿ ಡಿವಿಡಿ ತೆರೆದರೆ 'ವಿಡಿಯೋ ಟಿಎಸ್' ಅನ್ನುವ ಫೋಲ್ಡರ್ ಕಾಣುತ್ತದೆ. ಅದರೊಳಗಿನ ಒಂದೊಂದು ಫೈಲ್ ಸುಮಾರು ಒಂದು ಜಿಬಿ. ದೊಡ್ಡ ಫೈಲ್ ಮಾತ್ರ ಎತ್ತಿಕೊಂಡು ಬಿಟ್ಟುಬಿಡುವವರು ಬಹಳ. ಹಾಗೆ ಮಾಡಬೇಡಿ, ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿ. ವಿಸಿಡಿಯಾದರೆ ವಿಡಿಯೋ ಇರುವುದು 'ಎಂಪೆಗ್ ಎವಿ' ಅನ್ನುವ ಫೋಲ್ಡರಿನಲ್ಲಿ. ಎರಡನ್ನೂ ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರ್ ಅನ್ನುವ ಸಾಫ್ಟ್‌ವೇರ್ ಓಡಿಸುತ್ತದೆ.

ಮಧ್ಯದಲ್ಲಿ ನಿಂತರೆ ಆಸೆ ಬಿಡಬೇಡಿ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುತ್ತದೆ. ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ವೇಗ ಕಮ್ಮಿ ಮಾಡಿ ಓದಿಸಿದರೂ ಕೆಲವು ಸಲ ಬರುತ್ತದೆ. ಹಾಳಾದ ಡಿಸ್ಕಿನಲ್ಲಿ ಓದಲು ಆಗುವಷ್ಟನ್ನು ಮೊದಲು ಎತ್ತಿಕೊಂಡು, ಉಳಿದ ಜಾಗಗಳಿಗೆ ಪದೇ ಪದೇ ಪ್ರಯತ್ನ ಮಾಡುವ ಸಾಫ್ಟ್‌ವೇರ್‌ಗಳೂ ಇವೆ. ಕಾಪಿ ಮಾಡಿಕೊಡುವವರ ಹತ್ತಿರ ಅದು ಇದೆಯಾ ಅಂತ ಕೇಳಿ. ಕಾಪಿ ಆದ ಮೇಲೆ ಮೊದಲ ಎರಡು ನಿಮಿಷ ನೋಡಿ ತೃಪ್ತಿಪಡಬೇಡಿ. ಕೊನೇವರೆಗೂ ಓಡಿಸಿ. ಡಿಸ್ಕ್ ಓದಿಕೊಂಡು ಹೋಗುವುದು ಒಳಗಿನಿಂದ ಅಂಚಿನ ಕಡೆಗೆ. ಬೆರಳಿನ ಗುರುತು, ತೇವ, ಪದರ ಬಿಡುವುದು ಎಲ್ಲ ಶುರುವಾಗುವುದು ಅಂಚಿನಿಂದ. ಅದಕ್ಕೇ ಮುಹೂರ್ತ ಚೆನ್ನಾಗಿ ಬಂದು, ಆರತಕ್ಷತೆಯ ಹೊತ್ತಿಗೆ ಚಿತ್ರ ಚೌಕ ಚೌಕ ಒಡೆಯೋದು.

ಎಲ್ಲಿ ಇಡಬೇಕು ಅಂದರೆ ಎರಡು ಕಡೆ. ಒಂದು ಪ್ರತಿ ಮನೆಯ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ನಾದಿನಿ ಅಥವಾ ತವರು ಮನೆಯಲ್ಲಿ. ಪೆನ್‌ಡ್ರೈವ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ವರ್ಷಗಟ್ಟಲೆ ಇಟ್ಟು ನಂಬುವ ವಸ್ತು ಅದಲ್ಲ. ಹಾರ್ಡ್ ಡಿಸ್ಕಿಗೂ ಆಯುಸ್ಸು ಇದೆ. ವರ್ಷಕ್ಕೊಮ್ಮೆ, ಆಯುಧಪೂಜೆ ದಿನ ಅಂತಲೇ ಇಟ್ಟುಕೊಳ್ಳಿ, ಹಾಕಿ ನೋಡಿ.

ಬೂಷ್ಟಿನ ವಿಷಯ

ಒಂದು ಸಮಾಧಾನದ ಮಾತು. ನಿಮಗೆ ಕಾಣುತ್ತಿರುವ ಬೂಷ್ಟಿನಲ್ಲಿ ಹೆಚ್ಚಿನದು ಡಿಸ್ಕಿನ ಮೇಲೆ ಕೂತದ್ದು, ಒಳಗೆ ಹೋದದ್ದಲ್ಲ. ಬೂಷ್ಟಿಗೆ ಬೇಕಾದ ಊಟ ಡಿಸ್ಕಿನಲ್ಲಿ ಇಲ್ಲ. ಕವರಿನೊಳಗಿನ ಕಾಗದದಲ್ಲಿ, ಬೆರಳಿನ ಎಣ್ಣೆಯಲ್ಲಿ, ಧೂಳಿನಲ್ಲಿ ಇದೆ. ಪುನರ್ವಸು, ಪುಷ್ಯ ಮಳೆಯಲ್ಲಿ ನಿಮ್ಮ ಕಡೆ ಗೋಡೆಯೇ ಬೆವರುತ್ತೆ ಅಲ್ವಾ? ಡಿಸ್ಕ್ ಇಡಲು ತಜ್ಞರು ಹೇಳುವ ತೇವಾಂಶ 20ರಿಂದ 50 ಶೇಕಡಾ, ಉಷ್ಣತೆ 20 ಡಿಗ್ರಿ ಒಳಗೆ. ಜುಲೈ ತಿಂಗಳ ಮೂಡಿಗೆರೆಯಲ್ಲಿ ಹೊರಗಿನ ತೇವಾಂಶ 90 ದಾಟಿರುತ್ತದೆ. ಅರಸೀಕೆರೆ, ಕಡೂರಿನವರಿಗೆ ಈ ಕಷ್ಟ ಅಷ್ಟಿಲ್ಲ, ಅವರದ್ದು ಧೂಳಿನ ಕಷ್ಟ.

ಬೂಷ್ಟು ಒಳಗೂ ಹೋಗಬಹುದು ಅನ್ನೋದು ಸುಳ್ಳಲ್ಲ. 2001ರಲ್ಲಿ ಸ್ಪೇನಿನ ವಿಜ್ಞಾನಿಗಳು ಮಧ್ಯ ಅಮೆರಿಕದ ಬೆಲೀಜ್ ದೇಶದಿಂದ ಬಂದ ಒಂದು ಸಿಡಿಯನ್ನು ಪರೀಕ್ಷೆ ಮಾಡಿದರು. ಬೂಷ್ಟು ಅಂಚಿನಿಂದ ಒಳಗೆ ನುಗ್ಗಿ ಅಲ್ಯೂಮಿನಿಯಂ ಪದರವನ್ನೂ ಪ್ಲಾಸ್ಟಿಕ್ಕನ್ನೂ ತಿಂದುಹಾಕಿತ್ತು. ಬೆಲೀಜ್ ಕೂಡ ಸೆಕೆ, ತೇವದ ನಾಡು. ಆದರೆ ಇದು ಅಪರೂಪ. ನಿಮ್ಮ ಡಿಸ್ಕಿಗೆ ಹೀಗಾಗಿದೆಯಾ ಅಂತ ನೋಡಲು ಅದನ್ನು ಬಲ್ಬಿಗೆ ಅಡ್ಡ ಹಿಡಿಯಿರಿ. ಒಂದೆರಡು ಸೂಜಿ ಮೊನೆಯಷ್ಟು ತೂತು ಹೊಸ ಡಿಸ್ಕಿನಲ್ಲೂ ಇರುತ್ತದೆ. ಜರಡಿಯ ಹಾಗೆ ಬೆಳಕು ಬಂದರೆ, ಅಥವಾ ಬಳ್ಳಿ ಹಬ್ಬಿದ ಹಾಗೆ ಪದರ ಕರಗಿದ್ದರೆ, ಆ ಭಾಗದಲ್ಲಿದ್ದದ್ದು ಹೋಯಿತು. ಅದನ್ನು ಯಾರೂ ತರೋಕಾಗಲ್ಲ.

ತೊಳೆಯುವುದನ್ನು ಒಣ ದಿನ ನೋಡಿ, ಜಗಲಿಯಲ್ಲೋ ಅಂಗಳದಲ್ಲೋ ಕೂತು ಮಾಡಿ. ಮೂಗಿಗೆ ಮಾಸ್ಕ್ ಇರಲಿ. ಮಕ್ಕಳು, ಉಬ್ಬಸ ಇರುವವರು ಹತ್ತಿರ ಬರೋದು ಬೇಡ. ಬೂಷ್ಟು ಹಿಡಿದ ಕಾಗದವನ್ನು ಫೋಟೋ ತೆಗೆದಿಟ್ಟುಕೊಂಡು ಎಸೆಯಿರಿ. ಅದನ್ನು ಉಳಿಸಿದರೆ ಮುಂದಿನ ವರ್ಷದ ಬೀಜ ಉಳಿಸಿದ ಹಾಗೆ. ಪ್ಲಾಸ್ಟಿಕ್ ಕವರನ್ನು ಸೋಪಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ. ಕಂಪನಿ ಡಿಸ್ಕನ್ನು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ ತೊಳೆಯಬಹುದು. ಆಮೇಲೆ ಬರೀ ನೀರಿನಲ್ಲಿ ಜಾಲಿಸಿ, ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಬೇಡ. ರೈಟ್ ಮಾಡಿದ ಡಿಸ್ಕನ್ನು ನೀರಿನಲ್ಲಿ ಮುಳುಗಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಪೆಟ್ರೋಲ್, ಥಿನ್ನರ್, ನೈಲ್‌ಪಾಲಿಷ್ ರಿಮೂವರ್ ತಾಗಿದರೆ ಪ್ಲಾಸ್ಟಿಕ್ ಮಂಜಾಗುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಕೂಡ ಬೇಡ, ಅದರಲ್ಲಿರುವ ಜಿಗುಟು ಉಳಿದುಕೊಳ್ಳುತ್ತದೆ.

ಒರೆಸುವಾಗ ಕೈ ಹೋಗಬೇಕಾದ ದಿಕ್ಕು ಮಧ್ಯದಿಂದ ಅಂಚಿಗೆ, ನೇರವಾಗಿ. ತಟ್ಟೆ ಒರೆಸುವ ಹಾಗೆ ಸುತ್ತಿಸಬೇಡಿ. ಕಾರಣ ಇದು. ಡಿಸ್ಕಿನ ಮಾಹಿತಿ ಸುರುಳಿಯಾಗಿ ಸುತ್ತಿಕೊಂಡಿರುತ್ತದೆ. ಗೀರು ಬಿದ್ದ ಕಡೆ ಕಳೆದದ್ದನ್ನು ಲೆಕ್ಕ ಹಾಕಿ ತುಂಬಿಕೊಳ್ಳುವ ಶಕ್ತಿ ಪ್ಲೇಯರಿಗೆ ಇದೆ. ಸಿಡಿಯಲ್ಲಿ ಸುರುಳಿಯ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರ್ ಅಳಿಸಿದ್ದರೂ ಅದು ಸರಿಮಾಡಿಕೊಳ್ಳುತ್ತದೆ. ಮಧ್ಯದಿಂದ ಅಂಚಿಗೆ ಬಿದ್ದ ಗೀರು ಪ್ರತಿ ಸುತ್ತಿನಲ್ಲೂ ಕೂದಲೆಳೆಯಷ್ಟು ಮಾತ್ರ ಅಡ್ಡ ಬರುತ್ತದೆ, ಹಾಗಾಗಿ ದಾಟಿಹೋಗುತ್ತದೆ. ಸುತ್ತು ಹಾಕಿ ಬಿದ್ದ ಗೀರು ಸುರುಳಿಯ ಉದ್ದಕ್ಕೂ ಅಳಿಸಿಕೊಂಡು ಹೋಗುತ್ತದೆ. ಅಲ್ಲಿ ಪ್ಲೇಯರ್ ಸೋಲುತ್ತದೆ.

ಅಟ್ಟ, ನುಸಿಗುಳಿಗೆ, ಬೀರು

ಅತ್ತೆಯವರ ಮಾತಿನಲ್ಲಿ ಅನುಭವ ಇದೆ. ಮಲೆನಾಡಿನಲ್ಲಿ ಏನನ್ನೇ ಒಣಗಿಸಿ ಇಡಬೇಕಾದರೂ ಒಲೆ ಮೇಲಿನ ಅಟ್ಟವೇ ಜಾಗ. ಆದರೆ ಡಿಸ್ಕಿಗೆ ಅದು ಆಗಿಬರಲ್ಲ. ಒಗ್ಗರಣೆಯ ಎಣ್ಣೆ, ಸೌದೆಯ ಹೊಗೆ ಸೇರಿ ಅಂಟು ಮಸಿ ಕೂರುತ್ತದೆ. ಬೆಳಿಗ್ಗೆ ಕಾವು, ರಾತ್ರಿ ತಣ್ಣಗೆ. ಈ ಏರಿಳಿತ ರೈಟ್ ಮಾಡಿದ ಡಿಸ್ಕಿಗೆ ತುಂಬಾ ಕೆಟ್ಟದ್ದು.

ನುಸಿಗುಳಿಗೆ ಬೇಡವೇ ಬೇಡ. ನ್ಯಾಫ್ತಲೀನ್ ಆವಿ ಡಿಸ್ಕಿನ ಗಟ್ಟಿ ಪಾರದರ್ಶಕ ಕವರುಗಳನ್ನು ಮೆತ್ತಗೆ ಮಾಡುತ್ತದೆ. ಅದಕ್ಕಿಂತ ದೊಡ್ಡ ಕಾರಣ ನಿಮ್ಮ 4 ವರ್ಷದ ಮಗಳು. ಮಿಠಾಯಿ ಥರ ಕಾಣುವ ಆ ಬಿಳಿ ಗುಳಿಗೆ ನುಂಗಿದರೆ ವಿಷ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಿಗಂತೂ ಅದರಿಂದ ರಕ್ತದ ಕೆಂಪು ಕಣಗಳೇ ಒಡೆಯುತ್ತವೆ. ಡಿಸ್ಕ್ ಪೆಟ್ಟಿಗೆಗೆ ಮಕ್ಕಳು ದಿನಾ ಕೈ ಹಾಕುತ್ತಾರೆ. ಅಲ್ಲಿ ಅದು ಇರಬಾರದು. ಅಕ್ಕಿ ಹಾಕಿಡೋದು ಕೂಡ ಬೇಡ. ಅಕ್ಕಿ ಎಳೆಯುವ ತೇವ ಕಮ್ಮಿ, ಕರೆಯುವ ಹುಳು ಜಾಸ್ತಿ.

ಬೀರುವಿನೊಳಗೆ ಝೀರೋ ಬಲ್ಬ್ ಉರಿಸುವ ಪದ್ಧತಿ ನಿಮ್ಮ ಕಡೆ ಇದೆ. ಹಳೇ ತಂತಿ ಬಲ್ಬಿನ ಕಾವು ನಿಜವಾಗಿಯೂ ತೇವ ಕಮ್ಮಿ ಮಾಡುತ್ತದೆ. ಎಲ್‌ಇಡಿ ಹಾಕಿದರೆ ಆ ಕಾವು ಸಿಗಲ್ಲ. ಆದರೆ ಪ್ಲಾಸ್ಟಿಕ್ ಕವರು, ಬಟ್ಟೆ, ಮಕ್ಕಳು ಇರುವ ಕಡೆ ಬಿಸಿ ಬಲ್ಬ್ ಮತ್ತು ಎಳೆದ ವೈರ್ ಅಂದರೆ ನನಗೆ ಭಯ. ನಾನು ಅದನ್ನು ಹೇಳುವುದಿಲ್ಲ.

ನಾನು ಹೇಳುವುದು ಬಿಗಿ ಮುಚ್ಚಳದ, ರಬ್ಬರ್ ಪಟ್ಟಿ ಇರುವ ಪ್ಲಾಸ್ಟಿಕ್ ಡಬ್ಬಗಳು. ಆದರೆ ಡಬ್ಬ ತುಂಬುವ ಕಾಲ ಮುಖ್ಯ. ಮಳೆಗಾಲದಲ್ಲಿ ತುಂಬಿ ಮುಚ್ಚಿದರೆ ತೇವವನ್ನೇ ಒಳಗೆ ಕೂಡಿಹಾಕಿದ ಹಾಗೆ. ಜನವರಿ ಕೊನೆಯಿಂದ ಮಾರ್ಚ್ ಒಳಗೆ, ಕಾಫಿ ಒಣಗಿಸುವ ಬಿಸಿಲಿನ ದಿನಗಳಲ್ಲಿ, ಮಧ್ಯಾಹ್ನದ ಹೊತ್ತು ತುಂಬಿ. ಜೊತೆಗೆ ಸಿಲಿಕಾ ಜೆಲ್ ಹಾಕಿ. ನೀಲಿ ಹರಳು ತೇವ ಕುಡಿದು ಗುಲಾಬಿಗೆ ತಿರುಗುವ ಬಗೆ ಎಲ್ಲ ಕಡೆ ಸಿಗುತ್ತದೆ. ಆದರೆ ಆ ನೀಲಿ ಬಣ್ಣ ಬರುವುದು ಕೋಬಾಲ್ಟ್ ಕ್ಲೋರೈಡಿನಿಂದ, ಅದು ವಿಷ. ಮಕ್ಕಳಿರುವ ಮನೆಗೆ ಕಿತ್ತಳೆ ಬಣ್ಣದ್ದು ಅಥವಾ ಬಿಳಿಯದ್ದು ತನ್ನಿ. ಅದನ್ನೂ ಬಟ್ಟೆಯ ಚೀಲದಲ್ಲಿ ಹಾಕಿ ಬಾಯಿ ಹೊಲಿದುಬಿಡಿ. ಹರಳು ಸಣ್ಣ ಮಗುವಿನ ಗಂಟಲಿಗೆ ಸಿಕ್ಕಬಾರದು. ಮಳೆಗಾಲದ ನಡುವೆ ಒಂದೆರಡು ಸಲ ಹರಳನ್ನು ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಆರಿಸಿ, ಮತ್ತೆ ಹಾಕಿ. ಡಬ್ಬವನ್ನು ಎರಚಲು ಬಡಿಯುವ ಹೊರಗೋಡೆಗೆ ತಾಗಿಸಿ ಇಡಬೇಡಿ. ಒಳಗೋಡೆ ಪಕ್ಕ, ನೆಲದಿಂದ ಮೇಲೆ ಇಡಿ. ಡಿಸ್ಕ್‌ಗಳು ಪುಸ್ತಕದ ಹಾಗೆ ನಿಂತಿರಲಿ, ಒಂದರ ಮೇಲೊಂದು ಮಲಗಿಸಬೇಡಿ. ಪುಟ ತಿರುಗಿಸುವ ಮೆತ್ತನೆ ಪ್ಲಾಸ್ಟಿಕ್ ಪೌಚುಗಳು ಜಾಗ ಉಳಿಸುತ್ತವೆ, ನಿಜ. ಆದರೆ ತೇವದಲ್ಲಿ ಅವು ಡಿಸ್ಕಿಗೆ ಅಂಟಿಕೊಳ್ಳುತ್ತವೆ. ಎಳೆಯುವಾಗ ಸಿಕ್ಕಿದ ಧೂಳೇ ಗೀರು ಮಾಡುತ್ತದೆ.

ಗೀರು ಮತ್ತು ಟೂತ್‌ಪೇಸ್ಟ್

ಓದುವ ಬದಿ ಹೊಳೆಯುತ್ತದೆ, ಅಲ್ಲೇ ಗೀರು ಕಾಣುತ್ತದೆ, ಅದಕ್ಕೇ ಎಲ್ಲರಿಗೂ ಆ ಬದಿಯದ್ದೇ ಚಿಂತೆ. ಸಿಡಿ, ವಿಸಿಡಿಯಲ್ಲಿ ಸೂಕ್ಷ್ಮವಾದದ್ದು ಮೇಲಿನ ಬದಿ, ಚಿತ್ರ ಅಚ್ಚಾದ ಬದಿ. ಅಲ್ಯೂಮಿನಿಯಂ ಪದರ ಇರುವುದು ಆ ಲೇಬಲ್ಲಿನ ಕೆಳಗೇ. ಅದರ ಮೇಲೆ ತೆಳು ವಾರ್ನಿಷ್ ಬಿಟ್ಟರೆ ಬೇರೆ ರಕ್ಷಣೆ ಇಲ್ಲ. ಅಲ್ಲಿ ಉಗುರಿನಿಂದ ಕೆರೆದರೆ ಅಥವಾ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಸಿನಿಮಾವೇ ಎದ್ದುಬರುತ್ತದೆ. ಡಿವಿಡಿ ಸ್ವಲ್ಪ ಗಟ್ಟಿ. ಅದು 0.6 ಮಿಲಿಮೀಟರಿನ ಎರಡು ತಟ್ಟೆ ಅಂಟಿಸಿ ಮಾಡಿದ್ದು, ಮಾಹಿತಿ ಮಧ್ಯದಲ್ಲಿ ಇರುತ್ತದೆ. ಆದರೆ ಡಿವಿಡಿಯನ್ನು ಬಗ್ಗಿಸಿದರೆ ಆ ಅಂಟು ಬಿಡುತ್ತದೆ. ಕವರಿನಿಂದ ತೆಗೆಯುವಾಗ ಮಧ್ಯದ ಗುಂಡಿ ಒತ್ತಿ ತೆಗೆಯಬೇಕು, ಅಂಚು ಹಿಡಿದು ಎಳೆಯಬಾರದು.

ಟೂತ್‌ಪೇಸ್ಟ್ ಪೂರ್ತಿ ಸುಳ್ಳಲ್ಲ. ಅದರಲ್ಲಿ ನುಣ್ಣಗಿನ ಉಜ್ಜುಪುಡಿ ಇದೆ. ಓದುವ ಬದಿಯ ತೆಳು ಗೀರಿನ ಅಂಚನ್ನು ಅದು ಸವೆಸಿ ನಯ ಮಾಡುತ್ತದೆ. ಲೇಸರ್ ಕಿರಣ ಚದುರುವುದು ಕಮ್ಮಿಯಾಗುತ್ತದೆ. ಅಷ್ಟೇ. ಆಳದ ಗೀರಿಗೆ, ಮೇಲಿನ ಬದಿಯ ಗೀರಿಗೆ ಅದರಿಂದ ಏನೂ ಆಗಲ್ಲ, ಇನ್ನೂ ಕೆಡುತ್ತದೆ. ಬ್ಲೂ-ರೇ ಡಿಸ್ಕಿಗೆ ಹಚ್ಚಲೇಬಾರದು. ಅದರ ಮಾಹಿತಿ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಒಳಗಿದೆ. ಹಾಗಾಗಿ ಮೊದಲು ಒರೆಸಿ ನೋಡಿ, ಬೇರೆ ಪ್ಲೇಯರಿನಲ್ಲಿ ಹಾಕಿ ನೋಡಿ. ಗೀರು ಕಂಡ ಮಾತ್ರಕ್ಕೆ ಉಜ್ಜಬೇಡಿ, ಓಡುತ್ತಿದ್ದರೆ ಬಿಟ್ಟುಬಿಡಿ. ಯಾವುದರಲ್ಲೂ ಓಡದೆ ಇದ್ದಾಗ, ಮತ್ತೆ ಸಿಗುವಂಥ ಸಿನಿಮಾ ಆದರೆ, ಬಿಳಿ ಪೇಸ್ಟಿನಲ್ಲಿ ಮೆತ್ತಗೆ ಪ್ರಯತ್ನ ಮಾಡಬಹುದು. ಮದುವೆ ಡಿಸ್ಕ್ ಮೇಲೆ ಈ ಪ್ರಯೋಗ ಬೇಡ. ಅದಕ್ಕೆ ಮೆಷಿನ್ನಿನಲ್ಲಿ ಪಾಲಿಷ್ ಮಾಡುವವರನ್ನು ಹುಡುಕಿ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಿದರೆ ಒಂದು ಸಲ ಓಡಬಹುದು. ಆಮೇಲೆ ಅದು ಲೆನ್ಸಿಗೆ ಮೆತ್ತಿಕೊಂಡು ಪ್ಲೇಯರೇ ನನ್ನ ಅಂಗಡಿಗೆ ಬರುತ್ತದೆ.

ಒಂದು ಎಚ್ಚರಿಕೆ. ಮಧ್ಯದ ತೂತಿನಿಂದ ಬಿರುಕು ಬಿಟ್ಟ ಡಿಸ್ಕನ್ನು ಕಂಪ್ಯೂಟರ್ ಡ್ರೈವಿಗೆ ಹಾಕಲೇಬೇಡಿ. ಆ ವೇಗಕ್ಕೆ ಅದು ಒಳಗೇ ಚೂರಾಗಬಹುದು. ಆ ಚೂರುಗಳು ಗಾಜಿನಷ್ಟೇ ಹರಿತ.

ಇನ್ನು ಮಕ್ಕಳು

ಬೀಗ ತೆಗೆಯಿರಿ ಅಂತಲೇ ನನ್ನ ಸಲಹೆ. ಬೀಗ ಹಾಕಿದ ವಸ್ತುವನ್ನು ಮಕ್ಕಳು ಕದ್ದು ಎಳೆಯುತ್ತಾರೆ. ಆ ಗಡಿಬಿಡಿಯಲ್ಲೇ ಗೀರು ಬೀಳೋದು. ಕಲಿಸಿದರೆ 9 ವರ್ಷದ ಮಗ ನಿಮಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾನೆ. ಪೂರ್ತಿ ಹಾಳಾದ ಡಿಸ್ಕ್ ಒಂದೆರಡನ್ನು ಅಭ್ಯಾಸಕ್ಕೆ ಕೊಡಿ. ಒಂದು ಬೆರಳು ಮಧ್ಯದ ತೂತಿನಲ್ಲಿ, ಹೆಬ್ಬೆರಳು ಅಂಚಿನಲ್ಲಿ. ಚಕ್ಕುಲಿ, ಬಜ್ಜಿ ತಿಂದ ಕೈ ತೊಳೆದೇ ಮುಟ್ಟಬೇಕು. ಒಳಗಿದ್ದ ಡಿಸ್ಕ್ ಅದರ ಕವರಿಗೆ ಸೇರುವವರೆಗೆ ಇನ್ನೊಂದನ್ನು ತೆಗೆಯುವಂತಿಲ್ಲ. ಮನೆಯಲ್ಲಿ ಈ ಕೊನೆಯ ನಿಯಮ ಒಂದನ್ನು ಗಟ್ಟಿಯಾಗಿ ಹಿಡಿದರೂ ಸಾಕು. ಟಿವಿ ಮೇಲೆ, ಸೋಫಾ ಸಂದಿಯಲ್ಲಿ ಬೆತ್ತಲೆ ಬಿದ್ದ ಡಿಸ್ಕ್‌ಗಳೇ ಹಾಳಾಗೋದು. ಅಜ್ಜಿಗೆ ಸಂಜೆ ಸಿನಿಮಾ ಹಾಕಿಕೊಡುವ ಕೆಲಸವನ್ನು ಅವನಿಗೇ ವಹಿಸಿ. ಅಜ್ಜಿ ನೋಡುವ ಡಿಸ್ಕ್ ಅಂದಮೇಲೆ ಅವನ ಕೈಗೆ ತಾನಾಗೇ ಜವಾಬ್ದಾರಿ ಬರುತ್ತದೆ.

4 ವರ್ಷದವಳಿಗೆ ಈ ನಿಯಮ ಹೇಳಿ ಪ್ರಯೋಜನವಿಲ್ಲ. ಅವಳು ನೋಡುವ ಹತ್ತಾರು ಹಾಡು, ಕಾರ್ಟೂನುಗಳನ್ನು ಪೆನ್‌ಡ್ರೈವಿಗೆ ಹಾಕಿಬಿಡಿ. ಈಗಿನ ಹೆಚ್ಚಿನ ಪ್ಲೇಯರ್, ಟಿವಿಗಳಲ್ಲಿ ಯುಎಸ್‌ಬಿ ಜಾಗ ಇದೆ. ಅವಳಿಗೆ ರಿಮೋಟ್ ಕೊಟ್ಟರೆ ಸಾಕು, ಡಿಸ್ಕ್ ಮುಟ್ಟುವ ಗೋಜೇ ಇಲ್ಲ.

ಮಕ್ಕಳು ನೋಡಬಾರದ ಸಿನಿಮಾಗಳ ಬಗ್ಗೆ ಕೇಳಿದ್ದೀರಿ. ಕಂಪನಿ ಡಿಸ್ಕಿನ ಕವರ್ ಮೇಲೆ ಸಾಮಾನ್ಯವಾಗಿ ಯು, ಯುಎ, ಎ ಅಂತ ಸೆನ್ಸಾರ್ ಗುರುತು ಇರುತ್ತದೆ. ಸಿನಿಮಾ ಕಾಯ್ದೆಯ 2023ರ ತಿದ್ದುಪಡಿಯಲ್ಲಿ ಯುಎ ಅನ್ನು 7, 13, 16 ವರ್ಷ ಅಂತ ಮೂರು ಭಾಗ ಮಾಡಿದ್ದಾರೆ. ಹಳೇ ಡಿಸ್ಕುಗಳಲ್ಲಿ ಬರೀ ಯುಎ ಅಂತ ಇರುತ್ತದೆ, ಅವನ್ನು ನೀವೇ ನೋಡಿ ನಿರ್ಧಾರ ಮಾಡಬೇಕು. ಪ್ಲೇಯರಿನ ಪೇರೆಂಟಲ್ ಲಾಕ್ ನಂಬಬೇಡಿ. ಡಿಸ್ಕಿನೊಳಗೆ ವಯಸ್ಸಿನ ಗುರುತು ಬರೆದಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ವಿಸಿಡಿಗೆ ಆ ವ್ಯವಸ್ಥೆಯೇ ಇಲ್ಲ. ನನ್ನ ಪ್ರಕಾರ ಎ ಗುರುತಿನ ಡಿಸ್ಕಿಗಿಂತ ಅಪಾಯದ್ದು ಹೆಸರೇ ಇಲ್ಲದ ಡಿಸ್ಕ್, ತಪ್ಪು ಕವರಿನಲ್ಲಿರುವ ಡಿಸ್ಕ್. ಮಗು ಕಾರ್ಟೂನ್ ಅಂತ ಹಾಕಿದರೆ ಬೇರೇನೋ ಬರುತ್ತದೆ. ಹೆಸರಿಲ್ಲದವುಗಳನ್ನು ಮಕ್ಕಳು ಮಲಗಿದ ಮೇಲೆ ಒಂದೊಂದಾಗಿ ಹಾಕಿ ನೋಡಿ. ಹೆಸರನ್ನು ಕವರಿನ ಮೇಲೆ ಬರೆಯಿರಿ, ಡಿಸ್ಕಿನ ಮೇಲೆ ಅಲ್ಲ. ಈ ಒಂದು ಗುಂಪಿಗೆ ಮಾತ್ರ ಬೀಗ ಇರಲಿ.

ಎಸೆಯಬೇಕಾ?

ನಿಮ್ಮ ಯಜಮಾನರ ಮಾತು ಅರ್ಧ ಸರಿ. ಹೆಸರಾದ ಸಿನಿಮಾಗಳು ಮೊಬೈಲಿನಲ್ಲಿ ಸಿಗುತ್ತವೆ, ಒಳ್ಳೇ ಗುಣಮಟ್ಟದಲ್ಲೇ ಸಿಗುತ್ತವೆ. ವಿಸಿಡಿಯ ಚಿತ್ರ ಬರೀ 352 ಗುಣಿಸು 288 ಚುಕ್ಕಿಯದ್ದು, ಈಗಿನ ದೊಡ್ಡ ಟಿವಿಯಲ್ಲಿ ಮಸುಕು. ಆದರೆ ಎಲ್ಲ ಹಳೇ ಕನ್ನಡ ಸಿನಿಮಾ ಸಿಗಲ್ಲ. ಇವತ್ತು ಇದ್ದದ್ದು ನಾಳೆ ಆ ಆ್ಯಪಿನಲ್ಲಿ ಇರಲ್ಲ. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಿತು. ಸಣ್ಣ ಊರುಗಳ ಮನೆಗಳಲ್ಲಿ ಸಂಗ್ರಹ ಬೆಳೆದದ್ದು ಆ ಕಾಲದಲ್ಲಿ. ಈಗ ಆ ಕಂಪನಿಯೂ ಇಲ್ಲ, ಊರಿನ ಸಿಡಿ ಅಂಗಡಿಗಳೂ ಇಲ್ಲ. ಎಸೆದರೆ ಮತ್ತೆ ಕೊಳ್ಳೋಕೆ ಜಾಗವಿಲ್ಲ. ಹಾಗಾಗಿ ಪಟ್ಟಿ ಮಾಡಿ. ಬೇರೆ ಕಡೆ ಸುಲಭವಾಗಿ ಸಿಗುವುದು, ಅತ್ತೆಯವರಿಗೂ ಬೇಡದ್ದು, ಓಡದೆ ಇರುವುದು, ಇವನ್ನು ಬಿಡಬಹುದು. ಉಳಿದದ್ದು ಇರಲಿ.

ಸಿನಿಮಾಗಳನ್ನೂ ಹಾರ್ಡ್ ಡಿಸ್ಕಿಗೆ ಹಾಕಬಹುದಾ ಅಂತ ನೀವು ಕೇಳಿಲ್ಲ, ಆದರೆ ಮುಂದೆ ಕೇಳುತ್ತೀರಿ. ಜಾಗದ ಲೆಕ್ಕ ದೊಡ್ಡದಲ್ಲ. ವಿಸಿಡಿ ಒಂದಕ್ಕೆ ಮುಕ್ಕಾಲು ಜಿಬಿ, ಡಿವಿಡಿಗೆ 4.7 ಅಥವಾ ಹೆಚ್ಚೆಂದರೆ 8.5 ಜಿಬಿ. 250 ಡಿಸ್ಕಿಗೆ 2 ಟಿಬಿ ಹಾರ್ಡ್ ಡಿಸ್ಕ್ ಧಾರಾಳ. ಕಾನೂನಿನ ವಿಷಯ ತಿಳಿದಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಖಾಸಗಿ ಬಳಕೆಗೆ ನ್ಯಾಯವಾದ ಮಟ್ಟಿಗೆ ವಿನಾಯಿತಿ ಕೊಡುತ್ತದೆ. 2012ರ ತಿದ್ದುಪಡಿಯಲ್ಲಿ ಬಂದ 65ಎ ಕಲಂ, ಹಕ್ಕು ಮೀರುವ ಉದ್ದೇಶದಿಂದ ಡಿಸ್ಕಿನ ಕಾವಲು ಬೀಗ, ಅಂದರೆ ಕಾಪಿ ಆಗದಂತೆ ಕಂಪನಿ ಹಾಕಿದ ತಡೆ, ಒಡೆಯುವುದನ್ನು ಅಪರಾಧ ಅನ್ನುತ್ತದೆ. ಕಾಪಿ ಮಾಡಿ ಹಂಚುವುದು, ಮಾರುವುದು ಸ್ಪಷ್ಟವಾಗಿ ತಪ್ಪು. ನಿಮ್ಮ ಮನೆಯ ಮದುವೆ ಡಿಸ್ಕಿಗೆ ಈ ಯಾವ ತೊಡಕೂ ಇಲ್ಲ.

ಬಿಡುವ ಡಿಸ್ಕ್‌ಗಳನ್ನು ಬಚ್ಚಲ ಒಲೆಗೆ ಹಾಕಬೇಡಿ, ಆ ಹೊಗೆ ಕೆಟ್ಟದ್ದು. ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ. ಹಕ್ಕಿ ಬೆದರಿಸಲು ಗದ್ದೆಯಲ್ಲಿ ಕಟ್ಟುವುದಾದರೆ ಕಟ್ಟಿ, ಆದರೆ ಮನೆಯವರ ಡಿಸ್ಕನ್ನಲ್ಲ.

ಕೊನೆಗೆ ಪ್ಲೇಯರ್

ಡಿಸ್ಕನ್ನು ಬೈಯುವ ಮೊದಲು ಪ್ಲೇಯರ್ ಪರೀಕ್ಷೆ ಮಾಡಿ. ಡಿವಿಡಿ ಎಲ್ಲ ಓಡಿ ವಿಸಿಡಿ ಯಾವುದೂ ಓಡದಿದ್ದರೆ, ಅಥವಾ ಅದಕ್ಕೆ ಉಲ್ಟಾ ಆದರೆ, ತೊಂದರೆ ಇರುವುದು ಪ್ಲೇಯರಿನಲ್ಲಿ. ಸಿಡಿ ಓದಲು 780 ನ್ಯಾನೊಮೀಟರಿನ ಲೇಸರ್, ಡಿವಿಡಿಗೆ 650ರದ್ದು. ಒಂದು ಹೋಗಿ ಇನ್ನೊಂದು ಉಳಿಯುವುದು ಮಾಮೂಲು. ಯಾವುದೂ ಓಡದಿದ್ದರೆ ಲೆನ್ಸ್ ಮೇಲೆ ತೇವ, ಧೂಳು ಅಥವಾ ಬೂಷ್ಟು. ಮಳೆಗಾಲದಲ್ಲಿ ಡಿಸ್ಕ್ ಹಾಕದೆ ಒಂದು ಗಂಟೆ ಆನ್ ಮಾಡಿಟ್ಟು ಆಮೇಲೆ ಪ್ರಯತ್ನಿಸಿ. ಬ್ರಷ್ ಇರುವ ಲೆನ್ಸ್ ಕ್ಲೀನರ್ ಡಿಸ್ಕ್ ಹಾಕಿ ನೋಡಬಹುದು. ತೋಟದ ಮನೆಗಳಿಂದ ಬರುವ ಪ್ಲೇಯರಿನೊಳಗೆ ಇರುವೆ ಗೂಡು, ಹಲ್ಲಿ ಮೊಟ್ಟೆ ಎಷ್ಟೋ ಸಲ ಸಿಕ್ಕಿವೆ. ಬಳಸದೆ ಇರುವಾಗ ಪ್ಲಗ್ ಕಿತ್ತು, ಬಟ್ಟೆ ಹೊದಿಸಿಡಿ. ಮಕ್ಕಳ ಮುಂದೆ ಮುಚ್ಚಳ ಬಿಚ್ಚಬೇಡಿ, ಬಿಚ್ಚಿದ ಪ್ಲೇಯರಿನ ಲೇಸರ್ ಕಣ್ಣಿಗೆ ಅಪಾಯ. ಡಿವಿಡಿ ಸಿನಿಮಾದ ಮಧ್ಯದಲ್ಲಿ ಅರೆಕ್ಷಣ ನಿಂತು ಮುಂದೆ ಹೋದರೆ ಅದು ದೋಷವಲ್ಲ. ಎರಡು ಪದರದ ಡಿಸ್ಕಿನಲ್ಲಿ ಲೇಸರ್ ಒಂದು ಪದರದಿಂದ ಇನ್ನೊಂದಕ್ಕೆ ದಾಟುವ ಜಾಗ ಅದು. ಅಮೆರಿಕದಿಂದ ಯಾರಾದರೂ ತಂದುಕೊಟ್ಟ ಡಿವಿಡಿ ಓಡದಿದ್ದರೆ ಕಾರಣ ವಲಯದ ಸಂಖ್ಯೆ, ಅಂದರೆ ಯಾವ ಕಡೆಯ ಪ್ಲೇಯರಿನಲ್ಲಿ ಓಡಬೇಕು ಅಂತ ಡಿಸ್ಕಿನಲ್ಲಿ ಬರೆದ ಗುರುತು. ಅವರದ್ದು 1, ಭಾರತದ್ದು 5.

ಈ ಪ್ಲೇಯರ್ ಇನ್ನೂ ಓಡುತ್ತಿದ್ದರೆ ಸರ್ವಿಸ್ ಮಾಡಿಸಿ ಇಟ್ಟುಕೊಳ್ಳಿ. ಹೊಸದು ಅಂಗಡಿಗಳಲ್ಲಿ ವರ್ಷದಿಂದ ವರ್ಷಕ್ಕೆ ಕಮ್ಮಿಯಾಗುತ್ತಿದೆ. ಜೊತೆಗೆ ಕಂಪ್ಯೂಟರಿಗೆ ಹಾಕುವ ಯುಎಸ್‌ಬಿ ಡಿವಿಡಿ ಡ್ರೈವ್ ಒಂದನ್ನು ಕೊಂಡುಕೊಳ್ಳಿ. ಮೊದಲು ಅದರಲ್ಲಿ ಹಾಕಬೇಕಾದದ್ದು ಮಾವನವರ ಷಷ್ಟ್ಯಬ್ದಿ ಡಿಸ್ಕ್. ಅದು ಓದದಿದ್ದರೆ ಮತ್ತೆ ಮತ್ತೆ ತಿರುಗಿಸಬೇಡಿ, ಉಜ್ಜಬೇಡಿ. ಗಟ್ಟಿ ಕವರಿನಲ್ಲಿ ಹಾಕಿ ಕಾಪಿ ಮಾಡುವವರ ಹತ್ತಿರ ಹಾಗೇ ತಗೊಂಡು ಹೋಗಿ.